ಬೈಯೋದಾದ್ರೆ ಎದುರಿಗೆ ಬಂದು ಬೈಯಿರಿ

ಇವತ್ತು ಸೋಲಿನ ಕಥೆ. ಸರಿಯಾಗಿ ಹೇಳಬೇಕಂದ್ರೆ, ಸೋತ ಮೇಲೆ ನಾವು ಬೈಯೋದರ ಕಥೆ.

2023ರ ಡಿಸೆಂಬರ್ 8ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮುಂಬೈ ಸಿಟಿ ಎದುರು 0-4ರಿಂದ ಸೋತಿತು. ತವರಲ್ಲೇ ನಾಲ್ಕು ಗೋಲು! ಮರುದಿನವೇ ಕೋಚ್ ಸೈಮನ್ ಗ್ರೇಸನ್ ಹುದ್ದೆ ಹೋಯಿತು. 2022ರಲ್ಲಿ ಡ್ಯುರಾಂಡ್ ಕಪ್ ಗೆಲ್ಲಿಸಿದ್ದವರು, ಅದೇ ಸೀಸನ್‌ನಲ್ಲಿ ತಂಡವನ್ನ ಐಎಸ್‌ಎಲ್ ಫೈನಲ್‌ವರೆಗೂ ಒಯ್ದವರು ಇದೇ ಗ್ರೇಸನ್.

ಇದಕ್ಕೂ ಹೊಸಪೇಟೆಗೂ ಏನ್ರೀ ಸಂಬಂಧ ಅಂತೀರಾ? ಬಳ್ಳಾರಿ ರಸ್ತೆ ಹಿಡಿದರೆ ಸಂಡೂರು ತಾಲ್ಲೂಕಿನ ತೋರಣಗಲ್ಲು ಸಿಗುತ್ತೆ. ಅಲ್ಲಿನ ಉಕ್ಕಿನ ಕಾರ್ಖಾನೆ ಜೆಎಸ್‌ಡಬ್ಲ್ಯು ಬಳಗದ್ದು, ಬೆಂಗಳೂರು ಎಫ್‌ಸಿ ಕೂಡ ಅವರದ್ದೇ. ಕಾರ್ಖಾನೆ ಪಕ್ಕದಲ್ಲೇ 2018ರಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಶುರುವಾಯಿತು. ಸೀಸನ್‌ಗೆ ಮುಂಚೆ ತಂಡ ಅಲ್ಲಿಗೆ ಬಂದು ತಯಾರಾಗಿದ್ದೂ ಉಂಟು. ಹೆಸರು ಬೆಂಗಳೂರಿನದು, ಬಿಸಿಲು ನಮ್ಮದು.

ಆದ್ರೆ ಗ್ಯಾಲರಿ ಮಾತ್ರ ನಮ್ಮದಲ್ಲ. ಅದು 300 ಕಿಲೋಮೀಟರ್‌ಗೂ ಆಚೆ, ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿಯ ದಾರಿ. ಹಾಗಾಗಿ ಇಲ್ಲಿನ ಅಭಿಮಾನಿ ಬೈಯೋದೇನಿದ್ರೂ ಫೋನ್‌ನಲ್ಲೇ.

ಇಲ್ಲೇ ಸುನಿಲ್ ಛೆಟ್ರಿ ನೆನಪಾಗ್ತಾರೆ. 2018ರ ಜೂನ್‌ನಲ್ಲಿ ಮುಂಬೈನಲ್ಲಿ ಭಾರತ ಚೈನೀಸ್ ತೈಪೆಯನ್ನ 5-0ರಿಂದ ಸೋಲಿಸಿತು. ನೋಡೋಕೆ ಬಂದವರು 2,569 ಜನ. ಮರುದಿನ ಛೆಟ್ರಿ ಒಂದು ವಿಡಿಯೋ ಹಾಕಿದರು. ಅದರ ಸಾರ ಇಷ್ಟೇ: ಇಂಟರ್ನೆಟ್‌ನಲ್ಲಿ ಬೈದರೆ ಮಜಾ ಇಲ್ಲ, ಕ್ರೀಡಾಂಗಣಕ್ಕೆ ಬನ್ನಿ, ಮುಖಕ್ಕೇ ಬೈಯಿರಿ, ಕೂಗಾಡಿ. ಯಾವ ಕ್ಯಾಪ್ಟನ್ ಹೀಗೆ ಕೇಳಿಕೊಳ್ತಾನೆ ಹೇಳಿ! ಮುಂದಿನ ಕೀನ್ಯಾ ಪಂದ್ಯಕ್ಕೆ, ಅಂದ್ರೆ ಅವರ 100ನೇ ಪಂದ್ಯಕ್ಕೆ, ಟಿಕೆಟ್ಟೇ ಸಿಗಲಿಲ್ಲ.

ಎರಡೂವರೆ ವರ್ಷ ಕಳೆಯೋದರಲ್ಲಿ ಎಲ್ಲ ತಲೆಕೆಳಗಾಯಿತು. ಕೋವಿಡ್ ಕಾಲ, ಐಎಸ್‌ಎಲ್ ಪೂರ್ತಿ ಗೋವಾದಲ್ಲಿ, ಗ್ಯಾಲರಿ ಖಾಲಿ. ಬೆಂಗಳೂರು ಸತತ ಮೂರು ಪಂದ್ಯ ಸೋತಿತು. ಮೂರನೇದು ಮುಂಬೈ ಎದುರು 1-3. ಮರುದಿನ, 2021ರ ಜನವರಿ 6ರಂದು, ಕೋಚ್ ಕಾರ್ಲೆಸ್ ಕ್ವಾಡ್ರಾಟ್ ಹೊರಗೆ. ಎರಡು ವರ್ಷವೂ ಆಗಿರಲಿಲ್ಲ ರೀ, 2019ರ ಮಾರ್ಚ್‌ನಲ್ಲಿ ರಾಹುಲ್ ಭೇಕೆ ಹೆಚ್ಚುವರಿ ಸಮಯದಲ್ಲಿ ತಲೆಯಿಂದ ಹೊಡೆದ ಗೋಲಿನಿಂದ ಈ ಕ್ಲಬ್‌ಗೆ ಮೊದಲ ಐಎಸ್‌ಎಲ್ ಟ್ರೋಫಿ ಬಂದಾಗ ಬೆಂಚಿನಲ್ಲಿದ್ದ ಕೋಚ್ ಇವರೇ. ಆ ಸೀಸನ್‌ನಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್‌ನವರೂ ಕಂಪ್ಲಿಯ ಹುಡುಗನೂ ಒಂದೇ ಸಾಲಿನಲ್ಲಿ ಕೂತಿದ್ರು, ಫೋನ್ ಹಿಡ್ಕೊಂಡು. ಛೆಟ್ರಿ ಬೇಡ ಅಂದಿದ್ದ ಜಾಗ ಬಿಟ್ಟು ಬೈಯೋಕೆ ಬೇರೆ ಜಾಗವೇ ಇರಲಿಲ್ಲ.

ಸೋಲಿಗೆ ಹೊಣೆ ಹುಡುಕೋದು ನಮ್ಮ ಕಡೆ ಹಳೇ ಚಾಳಿ ಬಿಡಿ. 1565ರ ತಾಳಿಕೋಟೆ ಯುದ್ಧದ ಬಗ್ಗೆ ಹಂಪಿಯಲ್ಲಿ ನಿಂತು ಬಾಯಿ ಬಿಟ್ಟು ನೋಡಿ. ಅಳಿಯ ರಾಮರಾಯನ ಹಮ್ಮು ಅಂತ ಒಬ್ಬರು, ಸೈನ್ಯದೊಳಗಿನವರೇ ಕೈಕೊಟ್ರು ಅಂತ ಇನ್ನೊಬ್ಬರು. ಕೋಚ್ ತಪ್ಪೋ, ಆಟಗಾರರ ತಪ್ಪೋ! ಹೋಲಿಕೆ ಅತಿಯಾಯ್ತು, ಒಪ್ತೀನಿ. ಅಲ್ಲಿ ತಲೆ ನಿಜವಾಗ್ಲೂ ಉರುಳಿತು.

ಕೋಚ್ ಬದಲಾದ ಮೇಲೆ ಏನಾಯ್ತು? ಕ್ವಾಡ್ರಾಟ್ ಹೋದ ಸೀಸನ್‌ನಲ್ಲಿ ತಂಡಕ್ಕೆ 7ನೇ ಸ್ಥಾನ, ಗ್ರೇಸನ್ ಹೋದ ಸೀಸನ್‌ನಲ್ಲಿ 10ನೇ ಸ್ಥಾನ. ಆಟಗಾರರನ್ನ ಯಾರು ಆರಿಸಿದ್ರು, ಯಾರನ್ನ ಬಿಟ್ಟುಕೊಟ್ರು ಅನ್ನೋದು ಕೋಚ್ ಒಬ್ಬರ ಲೆಕ್ಕ ಅಲ್ಲ. ಆದ್ರೆ ಕ್ಯಾಮೆರಾ ಗೆರೆಯ ಪಕ್ಕ ನಿಂತ ಕೋಚ್‌ನನ್ನೇ ತೋರಿಸುತ್ತೆ, ನಾವೂ ಅವನನ್ನೇ ಬೈತೀವಿ. ನಾನೂ ಬೈದಿದ್ದೀನಿ, 0-4ರ ರಾತ್ರಿ, ಕೈಯಲ್ಲಿದ್ದ ಮಿರ್ಚಿ ಆರಿ ತಣ್ಣಗಾಗೋವರೆಗೂ.

ಹಾಗಂತ ಛೆಟ್ರಿ ಮಾತನ್ನ ಕಂಪ್ಲಿಯ ಹುಡುಗನಿಗೆ ಹೇಗೆ ಹೇಳೋದು? ಅವನಿಗೆ ರೈಲು ಚಾರ್ಜು, ಟಿಕೆಟ್ಟು, ಒಂದು ದಿನದ ಕೂಲಿ, ಮೂರೂ ಹೋಗುತ್ತೆ. ತಂಡ ತಯಾರಾಗೋ ಮೈದಾನ ಅವನ ಜಿಲ್ಲೆಯಲ್ಲೇ ಇದೆ, ಪಂದ್ಯ ಮಾತ್ರ ಇನ್ನೊಂದು ಊರಲ್ಲಿ. ಒಂದು ಪಂದ್ಯ, ಪ್ರೀಸೀಸನ್ನದ್ದೇ ಆಗಲಿ, ಈ ಕಡೆಯ ಜನರೆದುರು ಆಡಿಸಿದ್ರೆ ಅವನೂ ಮುಖಕ್ಕೇ ಬೈತಾನೆ.