ಕೂನೂರಿನ ಇಲಿಗಳು, ಆಸ್ಪತ್ರೆಯ ತಕ್ಕಡಿ

ಕೂನೂರಿನ ಸಿಮ್ಸ್ ಪಾರ್ಕಿಗೆ ಹಣ್ಣಿನ ಪ್ರದರ್ಶನ ನೋಡೋಕೆ ನಮ್ಮ ಕಟ್ಟಬೆಟ್ಟಿನವರು ಬಹಳ ಜನ ಹೋಗಿರ್ತೀರಿ. ಅದರ ಹತ್ತಿರ ಇರುವ ಪಾಶ್ಚರ್ ಸಂಸ್ಥೆ ಅಂದ್ರೆ ನಮಗೆ ನಾಯಿ ಕಡಿತದ ಮದ್ದು ಒಂದೇ ನೆನಪಿಗೆ ಬರೋದು. 1907ರಲ್ಲಿ ಅದು ಶುರುವಾದದ್ದೂ ಅದಕ್ಕೇ. ಆದರೆ ಮನುಷ್ಯನ ಮೈಗೆ ಊಟ ಸಾಲುತ್ತಿದೆಯೋ ಇಲ್ಲವೋ ಎಂದು ಅಳೆದು ನೋಡುವ ವಿದ್ಯೆ ನಮ್ಮ ದೇಶದಲ್ಲಿ ಬೇರು ಬಿಟ್ಟದ್ದು ಅಲ್ಲೇ. ಇದನ್ನು ನಮ್ಮ ಹಟ್ಟಿಯ ಮಕ್ಕಳಿಗೆ ಯಾರೂ ಹೇಳಿದ ಹಾಗೆ ಕಾಣಲಿಲ್ಲ. ಏಳನೇ ಕ್ಲಾಸು ಓದಿದ ನಾನು ತಿಳಿದಷ್ಟನ್ನು ಬರೀತೀನಿ.

1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ಡಾಕ್ಟರು ಅಲ್ಲಿ ಬೆರಿಬೆರಿ ರೋಗದ ವಿಚಾರಣೆ ಶುರು ಮಾಡಿದರು. ಬೆರಿಬೆರಿ ಅಂದರೆ ಕಾಲು ಜೋಮು ಹಿಡಿದು, ಮೈ ಊದಿ, ಕೊನೆಗೆ ಎದೆ ಸೋತು ಹೋಗುವ ಕಾಯಿಲೆ. ಮಿಲ್ಲಿನಲ್ಲಿ ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿಯನ್ನೇ ನಂಬಿದವರಿಗೆ ಬರ್ತಿತ್ತು. ತೌಡಿನ ಜೊತೆ ಸತ್ವ ಹೋಗಿ, ಹೊಟ್ಟೆ ತುಂಬಿದರೂ ಮೈ ಹಸಿದೇ ಇರ್ತಿತ್ತು. ನಡುವೆ ಸರ್ಕಾರ ಹಣ ಇಲ್ಲ ಅಂತ ಈ ಕೆಲಸ ನಿಲ್ಲಿಸಿತ್ತು, 1925ರಲ್ಲಿ ಮತ್ತೆ ಹಚ್ಚಿದರು.

ಆಮೇಲೆ ಅವರು ಮಾಡಿದ ಒಂದು ಪರೀಕ್ಷೆ ಕೇಳಿ. ಇಲಿಗಳನ್ನು ಏಳು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಸೀಮೆಯ ಜನರ ಊಟ ಹಾಕಿದರು. ಸಿಖ್ಖರ ಚಪಾತಿ, ಹಾಲು, ತುಪ್ಪ, ಬೇಳೆ, ತರಕಾರಿ ತಿಂದ ಇಲಿಗಳು ಸರಾಸರಿ 235 ಗ್ರಾಂ ತೂಗಿದವು. ಮದ್ರಾಸಿನವರ ಊಟ ತಿಂದವು 155 ಗ್ರಾಂ. ನಮ್ಮ ಕನ್ನಡದವರ ಊಟಕ್ಕೆ 185 ಗ್ರಾಂ, ಏಳರಲ್ಲಿ ಐದನೇ ಸ್ಥಾನ! ಪಠಾಣರು, ಮರಾಠರು, ಗೂರ್ಖರು ನಮಗಿಂತ ಮುಂದೆ. ಆ ಪಟ್ಟಿಯಲ್ಲಿ ನಮ್ಮ ಬೆಟ್ಟದ ರಾಗಿ, ಸಾಮೆ, ಅವರೆ, ಎಮ್ಮೆ ಹಾಲಿನ ಊಟ ಇಲ್ಲ. ಇದ್ದಿದ್ದರೆ ನಾವು ಇಷ್ಟು ಕೆಳಗೆ ಇಳೀತಿರಲಿಲ್ಲ ಅಂತ ನನ್ನ ನಂಬಿಕೆ, ಅದು ಬೇರೆ ಮಾತು. ಇಲ್ಲಿ ಗಮನಿಸಬೇಕಾದ್ದು, ಊಟ ಒಳ್ಳೆಯದೋ ಕೆಟ್ಟದ್ದೋ ಅನ್ನೋದನ್ನು ಬಾಯಿಮಾತಿಗೆ ಬಿಡದೆ ತಕ್ಕಡಿಗೆ ಹಾಕಿದರು ಅನ್ನೋದು.

1929ರಲ್ಲಿ ಲೂಸಿ ವಿಲ್ಸ್ ಎಂಬ ಡಾಕ್ಟರಮ್ಮ ಕೆಲವು ತಿಂಗಳು ಕೂನೂರಿಗೆ ಬಂದು ಕೆಲಸ ಮಾಡಿದರು. ಬೊಂಬಾಯಿಯ ಬಡ ಬಸುರಿಯರಿಗೆ ರಕ್ತ ಕಡಿಮೆಯಾಗಿ ಸಾಯ್ತಿದ್ದದ್ದು ಅವರ ಚಿಂತೆ. ರಕ್ತವನ್ನು ಪರೀಕ್ಷೆ ಮಾಡಿದರು, ಜೊತೆಗೆ ಆ ಹೆಂಗಸರು ಏನು ತಿಂತಾರೆ ಅಂತಲೂ ವಿಚಾರಿಸಿದರು. ಈಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ಲೇಹ್ಯ ಕೊಟ್ಟಾಗ ರೋಗಿಗಳು ಚೇತರಿಸಿಕೊಂಡರು. ಅದರಲ್ಲಿದ್ದ ಸತ್ವವನ್ನೇ 1941ರಲ್ಲಿ ಪಾಲಕ್ ಸೊಪ್ಪಿನಿಂದ ತೆಗೆದು ಫೋಲಿಕ್ ಆಮ್ಲ ಅಂತ ಹೆಸರಿಟ್ಟರು. ಇವತ್ತು ನಮ್ಮ ಬಸುರಿ ಹೆಣ್ಣುಮಕ್ಕಳಿಗೆ ನರ್ಸಮ್ಮ ಕೊಡುವ ಮಾತ್ರೆಯಲ್ಲಿ ಕಬ್ಬಿಣದ ಜೊತೆಗೆ ಇರೋದು ಅದೇ.

ಮೆಕ್ಯಾರಿಸನ್ನರ ನಂತರ 1935ರಲ್ಲಿ ಬಂದ ಆಕ್ರಾಯ್ಡ್ ಇಲಿ ಬಿಟ್ಟು ಶಾಲೆಗಳಿಗೆ ಹೋದರು. ಅವರ ತಂಡ ಮಕ್ಕಳ ಕಣ್ಣಿನ ಬಿಳಿಯಲ್ಲಿ ನೊರೆಯಂಥ ಮಚ್ಚೆ ಇದೆಯಾ, ಬಾಯಿಯ ಮೂಲೆ ಬಿರಿದಿದೆಯಾ, ಚರ್ಮ ಕಪ್ಪೆಯ ಮೈಯ ಹಾಗೆ ಒರಟಾಗಿದೆಯಾ ಅಂತ ನೋಡಿ ಬರೆದುಕೊಂಡಿತು. ಎಮ್ಮೆ ಕೊಳ್ಳೋಕೆ ಹೋದವನು ಪಕ್ಕೆಲುಬು ಸವರಿ, ಕಣ್ಣು ನೋಡಿ, ಮೇವು ಎಷ್ಟು ತಿನ್ನುತ್ತೆ ಅಂತ ಕೇಳೋದಿಲ್ವಾ? ಹಾಗೆಯೇ ಇದೂ.

ಇಷ್ಟೆಲ್ಲ ನಮ್ಮ ಬೆಟ್ಟದಲ್ಲೇ ನಡೆದಿದ್ದರೂ ಆಸ್ಪತ್ರೆಯ ಮಂಚದ ಹತ್ತಿರ ಈ ವಿದ್ಯೆ ಬರೋಕೆ ಬಹಳ ಕಾಲ ಹಿಡಿಯಿತು. ನನ್ನ ಅಕ್ಕ ಟೀ ತೋಟದಲ್ಲಿ ಜಾರಿ ತೊಡೆಮೂಳೆ ಮುರಿದುಕೊಂಡು ಕೆಳಗಿನ ಸೀಮೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮೂರು ವಾರ ಮಲಗಿದ್ದಳು. ಇವತ್ತು ಆಪರೇಷನ್, ಏನೂ ತಿನ್ನಬೇಡಿ ಅನ್ನೋರು. ಸಂಜೆಗೆ, ನಾಳೆ ಮಾಡ್ತೀವಿ ಅನ್ನೋರು. ಹೀಗೆ ಮೂರು ಸಲ. ಎಕ್ಸ್‌ರೇಗೆ ಕರಕೊಂಡು ಹೋಗಿ ಬರೋ ಹೊತ್ತಿಗೆ ಊಟದ ತಟ್ಟೆ ವಾಪಸ್ ಹೋಗಿರ್ತಿತ್ತು. ಚೀಟಿಯಲ್ಲಿ ಜ್ವರ, ಬಿಪಿ, ಸಕ್ಕರೆ ಎಲ್ಲ ಇತ್ತು, ತೂಕದ ಜಾಗ ಮಾತ್ರ ಖಾಲಿ. ಅವಳ ಬಳೆ ಮೊಣಕೈವರೆಗೆ ಜಾರುತ್ತಿತ್ತು, ಗಾಯ ಮಾಯಲೇ ಇಲ್ಲ. ಕೊನೆಗೆ ಹೊಸದಾಗಿ ಬಂದ ಒಬ್ಬ ನರ್ಸ್ ಹುಡುಗಿ ಟೇಪು ತಂದು ತೋಳು, ಮೀನಖಂಡ ಅಳೆದಳು. "ಅಣ್ಣಾ, ಮೊದಲು ಇವರು ಎಷ್ಟು ಕೆಜಿ ಇದ್ರು? ಈ ವಾರ ಏನೇನು ತಿಂದ್ರು?" ಅಂತ ನನ್ನನ್ನು ಕೂರಿಸಿ ಕೇಳಿ ಬರೆದುಕೊಂಡಳು. ಮಾರನೇ ದಿನದಿಂದ ಮೊಟ್ಟೆ, ಹಾಲು, ಬೇಳೆ ಗಂಜಿ, ದಿನಕ್ಕೆ ಆರು ಸಲ. ಆಮೇಲೆ ಗಾಯ ಕೂಡಿತು.

ಇದು ಒಂದು ಆಸ್ಪತ್ರೆಯ ಕಥೆ ಅಲ್ಲ. 1859ರಲ್ಲೇ ಫ್ಲಾರೆನ್ಸ್ ನೈಟಿಂಗೇಲ್, ಊಟ ಹೇರಳವಾಗಿದ್ದರೂ ಅದು ರೋಗಿಯ ಬಾಯಿಗೆ ಸೇರಿತಾ ಅಂತ ನೋಡೋರಿಲ್ಲದೆ ಸಾವಿರಾರು ಜನ ಉಪವಾಸ ಬೀಳ್ತಾರೆ ಅಂತ ಬರೆದಿದ್ದರು. 1974ರಲ್ಲಿ ಅಮೆರಿಕದ ಬಟರ್‌ವರ್ತ್ ಎಂಬ ಡಾಕ್ಟರು, ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಎತ್ತರ ತೂಕ ಬರೆಯೋದಿಲ್ಲ, ರೋಗಿ ಒಳಗೇ ಸೊರಗುತ್ತಾನೆ ಅಂತ ತನ್ನವರನ್ನೇ ಬೈದರು. 1982ರಲ್ಲಿ ಕೆನಡಾದ ಟೊರೊಂಟೊದವರು, ಮಂಚದ ಪಕ್ಕ ಕೂತು ಸರಿಯಾಗಿ ಕೇಳಿ, ಮೈ ಮುಟ್ಟಿ ನೋಡಿದರೆ ಸಿಗುವ ಉತ್ತರ ಲ್ಯಾಬಿನ ಪರೀಕ್ಷೆಗಳ ಉತ್ತರಕ್ಕೆ ಚೆನ್ನಾಗಿ ಹೊಂದುತ್ತದೆ ಅಂತ ತೋರಿಸಿಕೊಟ್ಟರು. ಆ ನರ್ಸ್ ಹುಡುಗಿ ಮಾಡಿದ್ದು ಅದೇ ಕೆಲಸ.

ಲೆಕ್ಕವೂ ಕಷ್ಟದ್ದಲ್ಲ. ಕೆಜಿ ತೂಕವನ್ನು ಮೀಟರಿನ ಎತ್ತರದಿಂದ ಎರಡು ಸಲ ಭಾಗಿಸಿದಾಗ 18.5ಕ್ಕಿಂತ ಕಡಿಮೆ ಬಂದರೆ ದೊಡ್ಡವರಲ್ಲಿ ಸೊರಗು ಅಂತ ಲೆಕ್ಕ. 150 ಸೆಂಟಿಮೀಟರ್ ಎತ್ತರದ ಹೆಂಗಸಿಗೆ ಅದು ಸುಮಾರು 41.6 ಕೆಜಿ. ಆದರೆ ದಪ್ಪ ಇದ್ದವರೂ ಸೊರಗಬಹುದು. 80 ಕೆಜಿ ಇದ್ದವನು ಮೂರು ತಿಂಗಳಲ್ಲಿ ತಾನಾಗೇ 70 ಆದರೆ ಅದು ಅಪಾಯ, ನೋಡೋರ ಕಣ್ಣಿಗೆ ಕಾಣದಿದ್ದರೂ. ಕಾಲಲ್ಲಿ ನೀರು ತುಂಬಿದ್ದರೆ ತಕ್ಕಡಿಯೂ ಸುಳ್ಳು ಹೇಳುತ್ತೆ. ಅದಕ್ಕೇ ಬೆರಳಿನಿಂದ ಒತ್ತಿ ಗುಳಿ ಬೀಳುತ್ತಾ ಅಂತ ನೋಡೋದು. ನಾನು ಹಾಡುವ ಹಳೇ ಹಾಡುಗಳಲ್ಲಿ ಹೆಣ್ಣಿನ ಚೆಲುವು, ಗಂಡಿನ ಕಸುವು ಎಲ್ಲ ಬರುತ್ತೆ, ತೂಕ ಮಾತ್ರ ಯಾವ ಹಾಡಲ್ಲೂ ಇಲ್ಲ!

ಕೂನೂರಿನ ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು. 1969ರಿಂದ ಅದರ ಹೆಸರು ರಾಷ್ಟ್ರೀಯ ಪೋಷಣೆ ಸಂಸ್ಥೆ. ಹೋಗುವ ಮೊದಲೇ, 1937ರಲ್ಲಿ, ಆಕ್ರಾಯ್ಡರು ಇಲ್ಲಿಂದ ಒಂದು ಸಣ್ಣ ಪುಸ್ತಕ ತಂದಿದ್ದರು. ನಮ್ಮ ದೇಶದ ಯಾವ ಕಾಳಲ್ಲಿ, ಯಾವ ಸೊಪ್ಪಲ್ಲಿ ಎಷ್ಟು ಸತ್ವ ಅನ್ನೋ ಪಟ್ಟಿ ಅದು. ಅದನ್ನೇ ತಿದ್ದಿ ಬೆಳೆಸಿದ ಪುಸ್ತಕ ಇವತ್ತೂ ಹೈದರಾಬಾದಿನಿಂದ ಬರುತ್ತೆ. ಆಸ್ಪತ್ರೆಯ ಪಥ್ಯದವರು ರೋಗಿಗೆ ಎಷ್ಟು ಮೊಟ್ಟೆ, ಎಷ್ಟು ಬೇಳೆ ಅಂತ ಲೆಕ್ಕ ಹಾಕೋದು ಇಂಥ ಪಟ್ಟಿ ಇಟ್ಟುಕೊಂಡೇ. ನಮ್ಮ ರಾಗಿಯೂ ಸಾಮೆಯೂ ಅದರಲ್ಲಿವೆ. ರಾಗಿಯ ಸುಣ್ಣದ ಅಂಶ ಅಕ್ಕಿಗಿಂತ ಹತ್ತಾರು ಪಟ್ಟು ಹೆಚ್ಚು ಅಂತ ಅಲ್ಲಿ ಅಚ್ಚಾಗಿದೆ.