ಜೀವಕೋಶವನ್ನು ಒಡೆದು ನೋಡಿದವರು

ಮೊರದಲ್ಲಿ ಕೇರಿದರೆ ಕಾಳು ಉಳಿಯುತ್ತದೆ, ಹೊಟ್ಟು ಹಾರುತ್ತದೆ. ಆದರೆ ಬರಿಗಣ್ಣಿಗೆ ಕಾಣದ ಜೀವಕೋಶದ ಒಳಗಿನ ಭಾಗಗಳನ್ನು ಬೇರ್ಪಡಿಸುವುದು ಹೇಗೆ? ಈ ಕಲೆ ಕೈಗೂಡಲು ವಿಜ್ಞಾನಿಗಳಿಗೆ ಸುಮಾರು ಎಂಟು ದಶಕ ಬೇಕಾಯಿತು.

ಮೊದಲ ಹೆಜ್ಜೆ ಇಟ್ಟವನು ಸ್ವಿಟ್ಜರ್ಲೆಂಡಿನ ಫ್ರೆಡ್ರಿಕ್ ಮೀಷರ್. 1869ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿದ್ದ ಆತ ಆಸ್ಪತ್ರೆಯಿಂದ ಗಾಯದ ಪಟ್ಟಿಗಳನ್ನು ತರಿಸಿಕೊಂಡು, ಅವುಗಳಲ್ಲಿನ ಕೀವಿನಿಂದ ಬಿಳಿ ರಕ್ತಕಣಗಳನ್ನು ತೊಳೆದು ತೆಗೆದ. ಹಂದಿಯ ಜಠರದಿಂದ ಪಡೆದ ಜೀರ್ಣರಸದಲ್ಲಿ ಉಳಿದೆಲ್ಲವನ್ನೂ ಕರಗಿಸಿ ಕೋಶಕೇಂದ್ರಗಳನ್ನಷ್ಟೇ ಉಳಿಸಿಕೊಂಡ. ಅವುಗಳಲ್ಲಿ ಸಿಕ್ಕ ಹೊಸ ವಸ್ತುವನ್ನೇ ನಾವಿಂದು ಡಿಎನ್‌ಎ ಎನ್ನುತ್ತೇವೆ.

ಕೋಶಕೇಂದ್ರವೇನೋ ದೊಡ್ಡದು. ಅದಕ್ಕಿಂತ ಚಿಕ್ಕ ಭಾಗಗಳು ಕೈಗೆ ಸಿಕ್ಕಿದ್ದು ಆಲ್ಬರ್ಟ್ ಕ್ಲಾಡ್ ಕಾಲದಲ್ಲಿ. ಬೆಲ್ಜಿಯಂನ ಈ ವೈದ್ಯ 1929ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆ ಸೇರಿದ್ದು ಕೋಳಿಗಳಿಗೆ ಗೆಡ್ಡೆ ತರುವ ವೈರಸ್ಸನ್ನು ಹುಡುಕಲು. ಗೆಡ್ಡೆಯನ್ನು ಅರೆದು, ಹಾಲಿನಿಂದ ಕೆನೆ ತೆಗೆಯುವ ಯಂತ್ರದ ತತ್ವದಲ್ಲೇ ನಡೆಯುವ ಸೆಂಟ್ರಿಫ್ಯೂಜ್‌ನಲ್ಲಿ ಆತ ವೇಗವಾಗಿ ತಿರುಗಿಸಿದ. ತಳದಲ್ಲಿ ಸಣ್ಣ ಕಣಗಳು ಕೂತವು. ಹೋಲಿಕೆಗೆಂದು ಆರೋಗ್ಯವಂತ ಕೋಳಿಭ್ರೂಣವನ್ನೂ ತಿರುಗಿಸಿದರೆ, ಅಲ್ಲೂ ಅಂಥವೇ ಕಣಗಳು! ಅವು ರೋಗದವಲ್ಲ, ಕೋಶದವೇ ಎಂದು ಆತನಿಗೆ ಹೊಳೆಯಿತು.

ವಿಧಾನ ಸರಳ. ನಿಧಾನವಾಗಿ ತಿರುಗಿಸಿದರೆ ಭಾರವಾದ ಕೋಶಕೇಂದ್ರಗಳು ತಳ ಸೇರುತ್ತವೆ. ಮೇಲಿನ ತಿಳಿಯನ್ನು ಬಗ್ಗಿಸಿ ಇನ್ನೂ ವೇಗವಾಗಿ ತಿರುಗಿಸಿದರೆ ಮೈಟೊಕಾಂಡ್ರಿಯಗಳು. ಭೂಗುರುತ್ವದ ಲಕ್ಷಪಟ್ಟು ಬಲ ಬಂದಾಗ ಇನ್ನೂ ಸಣ್ಣ ಕಣಗಳು. ಕ್ಲಾಡ್ ಯಾವ ಭಾಗವನ್ನೂ ಚೆಲ್ಲಲಿಲ್ಲ. ಪ್ರತಿಯೊಂದರಲ್ಲೂ ಏನೆಷ್ಟಿದೆ ಎಂದು ಅಳೆದು, ಒಟ್ಟು ಮೊತ್ತ ಮೊದಲಿನದಕ್ಕೆ ತಾಳೆಯಾಗುತ್ತದೆಯೇ ಎಂದು ಅಂಗಡಿಯ ಲೆಕ್ಕದಂತೆ ನೋಡಿದ.

ಅರೆದ ಕೋಶದಲ್ಲಿ ಸಿಗುವುದು ನಿಜವಾದ ಅಂಗವೋ, ಬರೀ ಚೂರೋ ಎಂಬ ಅನುಮಾನ ಮಾತ್ರ ಉಳಿದಿತ್ತು. ಉಪ್ಪಿನ ದ್ರಾವಣದಲ್ಲಿ ಮೈಟೊಕಾಂಡ್ರಿಯಗಳು ಆಕಾರಗೆಟ್ಟು ಮುದ್ದೆಯಾಗುತ್ತಿದ್ದವು. 1948ರಲ್ಲಿ ಹೋಗ್‌ಬೂಮ್, ಷ್ನೈಡರ್ ಮತ್ತು ಜಾರ್ಜ್ ಪಲಾಡೆ ಉಪ್ಪಿನ ಬದಲು ಗಟ್ಟಿ ಸಕ್ಕರೆ ದ್ರಾವಣ ಬಳಸಿದರು. ಇಲಿಯ ಯಕೃತ್ತಿನಿಂದ ತೆಗೆದ ಮೈಟೊಕಾಂಡ್ರಿಯಗಳು ಕೋಶದೊಳಗಿದ್ದಂತೆಯೇ ಕಡ್ಡಿಯಾಕಾರದಲ್ಲಿ ಉಳಿದವು.

ಈ ವಿಧಾನದ ದೊಡ್ಡ ಫಲ ಸಿಕ್ಕಿದ್ದು ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದಲ್ಲಿ. 1949ರಲ್ಲಿ ಕ್ರಿಶ್ಚಿಯನ್ ಡಿ ಡ್ಯೂವ್ ಇನ್ಸುಲಿನ್ ಕುರಿತು ಸಂಶೋಧನೆ ನಡೆಸಿದ್ದ. ಮೃದುವಾಗಿ ಅರೆದ ಯಕೃತ್ತಿನಲ್ಲಿ ಒಂದು ಕಿಣ್ವದ ಚಟುವಟಿಕೆ ನಿರೀಕ್ಷೆಯ ಹತ್ತನೇ ಒಂದು ಪಾಲಷ್ಟೇ ಇತ್ತು. ಶೀತಕದಲ್ಲಿ ಐದು ದಿನ ಇಟ್ಟಿದ್ದ ಅದೇ ಮಾದರಿಯಲ್ಲಿ ಅದು ಏರಿತ್ತು! ಅಳತೆ ತಪ್ಪಿರಬೇಕೆಂದು ಕೈಬಿಡಬಹುದಿತ್ತು, ಆತ ಬಿಡಲಿಲ್ಲ. ಕಿಣ್ವವು ಪೊರೆಯ ಚೀಲದೊಳಗೆ ಅಡಗಿತ್ತು, ದಿನ ಕಳೆದಂತೆ ಪೊರೆ ಶಿಥಿಲವಾಗಿ ಹೊರಬಂದಿತ್ತು. ಕೋಶದ ಕಸವನ್ನು ಜೀರ್ಣಿಸುವ ಈ ಚೀಲಕ್ಕೆ 1955ರಲ್ಲಿ ಲೈಸೋಸೋಮ್ ಎಂಬ ಹೆಸರು ಬಂತು.

ಎಳೆಯ ಕೂಸುಗಳ ಹೃದಯ, ಸ್ನಾಯುಗಳನ್ನು ಕುಗ್ಗಿಸುವ ಪಾಂಪೆ ರೋಗಕ್ಕೆ ಕಾರಣ ತಿಳಿದದ್ದು ಆ ಬಳಿಕವೇ. ಅದು ಲೈಸೋಸೋಮಿನ ಒಂದು ಕಿಣ್ವದ ಕೊರತೆ ಎಂದು ಅದೇ ವಿಶ್ವವಿದ್ಯಾಲಯದ ಹೆನ್ರಿ ಹೆರ್ಸ್ 1963ರಲ್ಲಿ ತೋರಿಸಿದ. ಆ ಕಿಣ್ವವನ್ನೇ ಔಷಧಿಯಾಗಿ ನೀಡುವ ಚಿಕಿತ್ಸೆಗೆ ಅಮೆರಿಕ, ಯುರೋಪುಗಳಲ್ಲಿ 2006ರಲ್ಲಿ ಒಪ್ಪಿಗೆ ದೊರೆಯಿತು.

ಕ್ಲಾಡ್, ಡಿ ಡ್ಯೂವ್ ಮತ್ತು ಪಲಾಡೆ 1974ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಯಂತ್ರ ಇತರರ ಬಳಿಯೂ ಇತ್ತು. ತಾಳೆಯಾಗದ ಲೆಕ್ಕವನ್ನು ಮತ್ತೆ ಕೂಡಿ ನೋಡುವ ತಾಳ್ಮೆ ಈ ಮೂವರದಾಗಿತ್ತು.