ತಟ್ಟೆಯ ಮೇಲೊಂದು ಬಳಪದ ಗೆರೆ

ಡಿಜೆ ಗುಂಡಿ ಒತ್ತಿದೊಡನೆ ಹಾಡು ಬೇಕಾದ ಜಾಗದಿಂದಲೇ ಶುರುವಾಗುವುದನ್ನು ನೀವು ಕೇಳಿರುತ್ತೀರಿ. ಮೊದಲೇ ಗುರುತಿಸಿಟ್ಟ ಆ ಜಾಗವೇ ಕ್ಯೂ ಪಾಯಿಂಟ್. ಇದು ಕಂಪ್ಯೂಟರಿನ ಕೊಡುಗೆಯೆಂದು ತಿಳಿದಿದ್ದೀರಾ? ಅಲ್ಲ.

1970ರ ದಶಕದಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಕೂಲ್ ಹರ್ಕ್ ಒಂದೇ ಹಾಡಿನ ಎರಡು ಗ್ರಾಮಫೋನ್ ತಟ್ಟೆಗಳನ್ನಿಟ್ಟು, ಕುಣಿಯುವವರಿಗೆ ಪ್ರಿಯವಾದ ಬರಿಯ ತಾಳದ ತುಣುಕನ್ನೇ ಮತ್ತೆ ಮತ್ತೆ ನುಡಿಸುತ್ತಿದ್ದರು. ಮುಳ್ಳನ್ನು ಇಳಿಸುವುದು ಕಣ್ಣಂದಾಜಿನಲ್ಲಿ, ತಾಳ ತಪ್ಪುತ್ತಿತ್ತು.

ಎಲೆಕ್ಟ್ರಾನಿಕ್ಸ್ ಓದಿದ್ದ ಹುಡುಗನೊಬ್ಬನಿಗೆ ಇದು ಸರಿಬರಲಿಲ್ಲ. ಆತ ಜೋಸೆಫ್ ಸ್ಯಾಡ್ಲರ್. ಮುಂದೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂದು ಹೆಸರಾದವರು. ಅವರು ತಟ್ಟೆಯ ಮೇಲೆ ಮೇಣದ ಬಳಪದಿಂದ ಗೆರೆ ಎಳೆದರು. ಎಲ್.ಪಿ. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಸುತ್ತಿಗೆ 1.8 ಸೆಕೆಂಡು. ತುಣುಕು ಮುಗಿಯುವಷ್ಟರಲ್ಲಿ ಗೆರೆ ಎಷ್ಟು ಸಲ ಹಾದುಹೋಯಿತೆಂದು ಎಣಿಸಿ, ಬೆರಳಿನಿಂದ ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿದರಾಯಿತು, ಆರಂಭ ಕೈಗೆ ಸಿಕ್ಕಿತು! ಗಡಿಯಾರದ ಲೆಕ್ಕವೇ ಸರಿ.

ಆದರೆ ತಟ್ಟೆಗೆ ಬೆರಳು ತಾಕಿಸುವುದೇ ಆಗ ಮಹಾಪರಾಧ. ಇತರ ಡಿಜೆಗಳು ಹೀಗಳೆದರು. ಮೊದಲ ಪ್ರದರ್ಶನದಲ್ಲಿ ಜನ ಕುಣಿಯದೆ ಸುಮ್ಮನೆ ನಿಂತು ನೋಡಿದರಂತೆ. ಆಮೇಲೆ ಅತ್ತುಬಿಟ್ಟೆನೆಂದು ಫ್ಲ್ಯಾಶ್ ತಾವೇ ಹೇಳಿಕೊಂಡಿದ್ದಾರೆ.

2001ರಲ್ಲಿ ಬಂದ ಪಯೊನೀರ್ ಸಿಡಿಜೆ-1000 ಯಂತ್ರದಲ್ಲಿ ಇಂಥ ಗುರುತುಗಳಿಗೆಂದೇ ಮೂರು ಗುಂಡಿಗಳಿದ್ದವು. ಬಳಪ ಬೇಕಾಗಲಿಲ್ಲ.